ಐದನೆಯ ಮುತ್ತೈದೆ

ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ನಿಜಲಿಂಗಪ್ಪ ಸಾವ್ಕಾರರ ಹಳೆಯ ಬೀಜದ ಗೋದಾಮು. ಮಾರ್ಥವ್ವ ಸೆರಗನ್ನು ಟೊಂಕಕ್ಕೆ ಸಿಕ್ಕಿಸಿ, ಏಣಿಯ ಮೇಲೆ ನಿಂತು ಅದರ ಗೋಡೆಗೆ ಸುಣ್ಣ ಬಳಿಯುತ್ತಿದ್ದಳು. ವರ್ಷಾನುಗಟ್ಟಲೆ ಹತ್ತಿಬೀಜದ ಚೀಲಗಳು ಒರಗಿ ನಿಂತ ಗೋಡೆ ಅದು. ಎಷ್ಟು ಬಳಿದರೂ ಎಣ್ಣೆಯ ಕಲೆ ಸಾಲಗಾರನ ಹಾಗೆ ಮತ್ತೆ ಮತ್ತೆ ಮುಖ ತೋರಿಸುತ್ತಿತ್ತು. ಬರುವ ಭಾನುವಾರ ಇದೇ ಗೋಡೆಗಳ ನಡುವೆ ಉಪದೇಶಿಗಳ ಶಾಲೆ ತೆರೆಯಬೇಕು. ಮಾರ್ಥವ್ವನಿಗೆ ಊಟ ನಿದ್ದೆ ಎರಡೂ ಮರೆತುಹೋಗಿದ್ದವು.

"ಮಾರ್ಥವ್ವಾ, ಇಳಿ ಕೆಳಗ. ನಿನಗೊಂದು ಮಾತು ಹೇಳಾಕ ಬಂದೇನಿ."

ಬಾಗಿಲಲ್ಲಿ ಸಾವ್ಕಾರರ ತಾಯಿ ಫಕ್ಕೀರವ್ವ ನಿಂತಿದ್ದಳು. ಎಪ್ಪತ್ತು ದಾಟಿದ ಜೀವ, ಹಣೆ ತುಂಬ ವಿಭೂತಿ, ಬೋಳು ಕೈ. ಗಂಡ ಹೋಗಿ ಬಹಳ ಕಾಲವಾಗಿತ್ತು, ಆದರೆ ಮನೆಯಲ್ಲಿ ಅವಳ ಮಾತು ಹೋಗಿರಲಿಲ್ಲ.

"ಬರ್ರಿ ಯವ್ವಾ. ಸೀರಿ ಎತ್ತಿ ಹಿಡೀರಿ, ಸುಣ್ಣ ಹತ್ತೀತು."

"ಹತ್ತಲಿ ಬಿಡು, ಬಿಳೀ ಸೀರಿಗೆ ಬಿಳೀ ಸುಣ್ಣ. ಕೇಳಿಲ್ಲೆ. ನಮ್ಮ ಹಿರೇ ಮೊಮ್ಮಗನ ಹೆಂಡ್ತಿ ಶ್ವೇತಾ ಬಸುರಿ ಅದಾಳಲ್ಲ, ಗುರುವಾರ ಆಕಿ ಕುಬಸ. ಉಡಿ ತುಂಬೂ ಐದು ಮಂದಿ ಮುತ್ತೈದೇರೊಳಗ ಐದನೇದಾಕಿ ನೀನ ಆಗಬೇಕು. ನಮ್ಮ ಸೊಸಿ ಬ್ಯಾರೆ ಯಾರ್ನರ ಕರೀತೇನಿ ಅಂದ್ಲು. ನಾ ಬಿಲ್‌ಕುಲ್ ಒಪ್ಪಲಿಲ್ಲ."

ಮಾರ್ಥವ್ವನ ಕೈಯಲ್ಲಿದ್ದ ಕುಂಚದಿಂದ ಸುಣ್ಣ ತೊಟ್ಟಿಕ್ಕಿ ಅವಳ ಪಾದದ ಮೇಲೇ ಬಿತ್ತು. ಅವಳು ಒರೆಸಿಕೊಳ್ಳಲಿಲ್ಲ.

"ನಾನು ಬ್ಯಾರೆ ಧರ್ಮದಾಕಿ ಯವ್ವಾ. ನನ್ನನ್ಯಾಕ..."

"ಧರ್ಮ ಏನ ಇರಲಿ, ಮುತ್ತೈದಿತನ ಮುತ್ತೈದಿತನಾನ. ಆ ಹುಡುಗಿಗೆ ಹೋದ ಸಲ ಏಳನೇ ತಿಂಗಳಾಗ ಹೋತು. ಈ ಸಲ ಚೊಲೋ ಕೈಗಳ ಬೇಕು. ನಿನ್ನ ಕೈ ಚೊಲೋ ಐತಿ, ನಾ ನೋಡೇನಿ."

ಮುದುಕಿ ಹೇಳುವುದನ್ನು ಹೇಳಿ ಹೊರಟೇಹೋದಳು. ಮಾರ್ಥವ್ವ ಇಳಿದು ಏಣಿಯ ಮೊದಲ ಮೆಟ್ಟಿಲ ಮೇಲೆ ಕೂತಳು. ಎರಡೂ ಕೈಯಲ್ಲಿ ಹಸಿರು ಗಾಜಿನ ಬಳೆಗಳು ಗಿಲಕ್ಕೆಂದವು. ಅವಳು ಗಂಡ ಸತ್ತವಳು. ಇನ್ನಾಸಪ್ಪ ಕುಪ್ಪೇಲೂರಿನ ಮಣ್ಣಿಗೆ ಸೇರಿ ಆರು ವರ್ಷ ಕಳೆದಿತ್ತು.

ಈ ಬಳೆಗಳ ಕಥೆಯನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಓದುವವರು ಮಾರ್ಥವ್ವನನ್ನು ಮೋಸಗಾತಿ ಅಂದುಕೊಂಡಾರು. ಇನ್ನಾಸಪ್ಪ ಉಪದೇಶಿಯಾಗಿದ್ದ. ಫಾದರ್ ತಿಂಗಳಿಗೊಮ್ಮೆಯೂ ಮುಖ ಹಾಕದ ಹಳ್ಳಿಗಳಲ್ಲಿ ಕ್ರೈಸ್ತರ ನಾಲ್ಕೈದು ಮನೆಗಳನ್ನು ಕೂಡಿಸಿ ಪ್ರಾರ್ಥನೆ ನಡೆಸುವವನು, ಮಕ್ಕಳಿಗೆ ಜ್ಞಾನೋಪದೇಶ ಹೇಳುವವನು, ಯಾರಾದರೂ ಕೇಳಿದರೆ ಯೇಸುಸ್ವಾಮಿಯ ಕಥೆ ಹೇಳುವವನು, ಸಾವಿನ ಮನೆಗೆ ಎಲ್ಲರಿಗಿಂತ ಮೊದಲು ಹೋಗುವವನು. ಅಗಡಿಯಿಂದ ಬ್ಯಾಡಗಿಯವರೆಗೆ ಅವನ ಸೈಕಲ್ ತುಳಿಯದ ದಾರಿ ಇರಲಿಲ್ಲ. ಹಾಗೆ ಹೋದ ಸಾವಿನ ಮನೆಗಳಲ್ಲಿ ಅವನು ಒಂದು ಮಾತನ್ನು ಹಟ ಹಿಡಿದು ಹೇಳುತ್ತಿದ್ದ. ಹೆಂಗಸಿನ ಬಳೆ ಒಡೀಬ್ಯಾಡ್ರಿ, ಗಂಡನ್ನ ಕಳಕೊಂಡಾಕಿಗೆ ಅಷ್ಟು ಶಿಕ್ಷೆ ಸಾಕು. ಹೆದ್ದಾರಿಯಲ್ಲಿ ಲಾರಿ ಅವನನ್ನೇ ಹೊಡೆದುಹೋದ ದಿನ, ಸ್ವಂತ ಓಣಿಯ ಮುದುಕಿಯರೇ ಕಲ್ಲು ಹಿಡಿದು ಮಾರ್ಥವ್ವನ ಕೈ ಹಿಡಿಯಲು ಬಂದರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ನಾಳೆ ಜನ ತನ್ನ ಗಂಡನನ್ನು ಆಡಿಕೊಳ್ಳಬಾರದೆಂದು ಅವಳು ಕೈ ಕಿತ್ತುಕೊಂಡಳು. ಆ ಎಳೆದಾಟದಲ್ಲಿ ಒಡೆದ ಎರಡು ಬಳೆಗಳ ಬದಲಿಗೆ ಮುಂದಿನ ಸಂತೆಯಲ್ಲಿ ಬಳೆಗಾರ್ತಿ ಸೈದಾಬಿಯ ಮುಂದೆ ಕೂತು ಕೈ ಚಾಚಿದಳು. ಸೈದಾಬಿಗೆ ಎಲ್ಲ ಗೊತ್ತಿತ್ತು. ಆಕೆ ಏನೂ ಕೇಳದೆ ಹಸಿರು ಬಳೆ ತೊಡಿಸಿದಳು.

ಅಂದಿನಿಂದ ಆ ಬಳೆಗಳೂ, ಉಪದೇಶಿಗಳ ಶಾಲೆಯ ಆಸೆಯೂ ಇನ್ನಾಸಪ್ಪ ಬಿಟ್ಟುಹೋದ ಆಸ್ತಿ. ತಾನೊಬ್ಬ ಸತ್ತರೆ ಈ ಹಳ್ಳಿಗಳಿಗೆ ಯಾರು ಎಂದು ಅವನು ಕೇಳುತ್ತಿದ್ದ, ಸತ್ತೇ ತೋರಿಸಿದ. ಪ್ರೈಮರಿ ಶಾಲೆಯ ಕೆಲಸ ಬಿಟ್ಟು ಮಾರ್ಥವ್ವ ವರ್ಷಗಟ್ಟಲೆ ಹಾವೇರಿಯ ಫಾದರ್ ಎಲಿಯಾಸರ ಬೆನ್ನು ಬಿದ್ದಳು. ಫಾದರ್ ಮೇಲಿನವರ ಬೆನ್ನು ಬಿದ್ದರು. ಕೊನೆಗೆ ಒಪ್ಪಿಗೆ ಬಂತು, ಒಂದು ಷರತ್ತಿನ ಮೇಲೆ: ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ ಶಾಲೆ ಶುರುವಾಗಬೇಕು, ಇಲ್ಲದಿದ್ದರೆ ಅದು ಹುಬ್ಬಳ್ಳಿ ಕಡೆಯವರ ಪಾಲು. ಸರಿಯಾಗಿ ಆ ಹೊತ್ತಿಗೇ, ಎರಡು ಸಾವಿರದ ಎಂಟರ ಸೆಪ್ಟೆಂಬರಿನಲ್ಲಿ, ಕರಾವಳಿಯ ಚರ್ಚುಗಳ ಮೇಲೆ ಕಲ್ಲು ಬಿದ್ದ ಸುದ್ದಿ ಬಂತು. ನಿನ್ನೆ ಹೂಂ ಅಂದ ಮನೆ ಮಾಲೀಕರು ಇವತ್ತು ಬಾಗಿಲು ತೆರೆಯಲಿಲ್ಲ. ಉಳಿದದ್ದು ನಿಜಲಿಂಗಪ್ಪನವರ ಗೋದಾಮು ಒಂದೇ. ಅದೂ ಫಕ್ಕೀರವ್ವ ಹೇಳಿದಳೆಂದು.

ಫಕ್ಕೀರವ್ವನಿಗೆ ಮಾರ್ಥವ್ವ ಸಿಕ್ಕಿದ್ದು ಶ್ರಾವಣದಲ್ಲಿ, ಗೋದಾಮು ನೋಡಲು ಬಂದಾಗ. ಇಬ್ಬರೂ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತ ಊರಿನ ಮಾತು ಆಡಿದ್ದೇ ಆಡಿದ್ದು. ಹೊರಡುವಾಗ ಮುದುಕಿ ಸೊಸೆ ನಾಗಲಕ್ಷ್ಮಿಯನ್ನು ಕೂಗಿ, "ಶುಕ್ರವಾರ ಐತಿ, ಈಕಿಗೆ ಅರಿಷಿಣ ಕುಂಕುಮ ಕೊಡವ್ವಾ" ಅಂದಳು. ಬಳೆ ಕಂಡಿದ್ದಳು, ಹಣೆಯಲ್ಲಿ ಸಣ್ಣ ಬೊಟ್ಟು ಕಂಡಿದ್ದಳು, ಅವಳಿಗೆ ಅಷ್ಟೇ ಸಾಕಾಗಿತ್ತು. ಆಗಲೇ ಹೇಳಬೇಕಿತ್ತು. ಆದರೆ ಗೋದಾಮಿನ ಕರಾರು ಇನ್ನೂ ಆಗಿರಲಿಲ್ಲ. ಮಾರ್ಥವ್ವ ಹಣೆ ಒಡ್ಡಿದಳು. ಆಮೇಲೆ ಪ್ರತಿ ಶುಕ್ರವಾರವೂ ಒಡ್ಡಿದಳು. ಒಂದು ಸಲ ಹೇಳದೆ ಬಿಟ್ಟ ಮಾತು ಗಂಟಲಲ್ಲಿ ಬಿಸಿತುಪ್ಪವಾಗಿ ಕೂತಿತು, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

ಮುದುಕಿ ಕುಬಸಕ್ಕೆ ಕರೆದುಹೋದ ಮರುದಿನ ಗೋದಾಮಿನ ಮುಂದೆ ಮೋಟಾರ್ ಸೈಕಲ್ ನಿಂತಿತು. ಸಾವ್ಕಾರರ ಕಿರಿಯ ಮಗ ಪ್ರವೀಣಕುಮಾರ. ಊರಿನ ಹುಡುಗರನ್ನು ಕಟ್ಟಿಕೊಂಡು ಓಡಾಡುವವನು, ಗೋದಾಮು ಕಿರಿಸ್ತಾನರಿಗೆ ಕೊಡಬೇಡಿ ಎಂದು ಅಪ್ಪನ ಜೊತೆ ಜಗಳ ಕಾದವನು. ಇವತ್ತು ಅವನು ಕೂಗಾಡಲಿಲ್ಲ. ಅದೇ ಮಾರ್ಥವ್ವನಿಗೆ ಹೆಚ್ಚು ಹೆದರಿಕೆ ತಂದಿತು.

"ನಿನ್ನೆ ಕುಪ್ಪೇಲೂರಿಗೆ ಹೋಗಿದ್ದೆ ಅಕ್ಕೋರ" ಅಂದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಮಾರ್ಥವ್ವನ ಬಲಗೈ ತಾನಾಗಿಯೇ ಎಡಗೈ ಬಳೆಗಳ ಮೇಲೆ ಹೋಯಿತು.

"ನಿಮ್ಮ ಸಾಲ್ಯಾಗ ಏನ್ ಕಲಸ್ತೀರಿ, ಯಾರ್ನ ಯಾವ ಧರ್ಮಕ್ಕ ಎಳೀತೀರಿ, ಅದನ್ನ ತಿಳಕೊಳ್ಳಾಕ ಹೋಗಿದ್ದೆ. ಅದು ತಿಳೀಲಿಲ್ಲ. ನಿಮ್ಮ ಯಜಮಾನ್ರ ಗೋರಿ ಸಿಕ್ತು."

"ಯಾರನ್ನೂ ಎಳಿಯೂದಿಲ್ಲಪಾ. ನಮ್ಮ ಮಂದಿಗೆ ಕಲಸ್ತೇವಿ. ಕೇಳಿದವರಿಗೆ ಹೇಳ್ತೇವಿ, ಅದನ್ನ ಮುಚ್ಚಿಡೂದಿಲ್ಲ."

"ಮುಚ್ಚಿಡೂದಿಲ್ಲ?" ಪ್ರವೀಣ ನಗಲಿಲ್ಲ. "ಮೂರು ತಿಂಗಳಾತು ನಮ್ಮವ್ವನ ಕೈಲೆ ಕುಂಕುಮ ಹಚ್ಚಿಸ್ಕೊಳ್ಳಾಕತ್ತೀರಿ."

ಮಾರ್ಥವ್ವ ಸೆರಗನ್ನು ಬಳೆಗಳ ಮೇಲೆ ಎಳೆದುಕೊಂಡಳು.

"ನೋಡ್ರಿ, ಹೋದ ಸಲ ನಮ್ಮ ಶ್ವೇತಾ ವೈನೀನ್ನ ದವಾಖಾನಿಗೆ ಒಯ್ದಾಂವ ನಾನ. ಆಕಿ ಅತ್ತದ್ದು ನನ್ನ ಕಿವ್ಯಾಗ ಇನ್ನೂ ಐತಿ." ಅವನು ಓಣಿಯ ಕಡೆ ಮುಖ ತಿರುಗಿಸಿದ. "ನೀವು ಉಡಿ ತುಂಬಿ, ನಾಳೆ ಏನರ ಹೆಚ್ಚುಕಮ್ಮಿ ಆತಂದ್ರ? ಗೋದಾಮು ಬಿಟ್ಟು ನೀವಾಗಿ ಹೋಗ್ರಿ, ನಾ ಯಾರ ಮುಂದೂ ಬಾಯಿ ಬಿಡೂದಿಲ್ಲ. ಇಲ್ಲಂದ್ರ ಗುರುವಾರ ಎಲ್ಲಾರ ಮುಂದ ನಾನ ಹೇಳ್ತೇನಿ."

ಮೋಟಾರ್ ಸೈಕಲ್ಲಿನ ಸದ್ದು ಓಣಿ ದಾಟಿ ಹೋದ ಮೇಲೂ ಮಾರ್ಥವ್ವ ಹಾಗೇ ನಿಂತಿದ್ದಳು. ಅವನ ಮೇಲೆ ಸಿಟ್ಟು ಬಂದಿದ್ದರೆ ಹಗುರಾಗುತ್ತಿತ್ತು. ಬರಲಿಲ್ಲ. ಗಂಡ ಸತ್ತವಳ ಕೈಯಲ್ಲಿ ವಿಷವಿದೆ ಎಂದು ಅವಳೇನೂ ನಂಬುವವಳಲ್ಲ. ಆದರೆ ಶ್ವೇತಾ ನಂಬುತ್ತಾಳೆ, ಹೆದರುತ್ತಾಳೆ, ಆ ಹೆದರಿಕೆಯ ಉಡಿಗೆ ತಿಳಿಸದೆ ಕೈ ಹಾಕುವುದು ಯಾವ ನ್ಯಾಯ? ಹೇಳಿದರೆ ಶಾಲೆ ಹೋಗುತ್ತದೆ, ಹೇಳದಿದ್ದರೆ ಶಾಲೆಯ ಮಾತಿಗೆ ಬೆಲೆ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ.

ಬುಧವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹಾವೇರಿಗೆ ಹೋದಳು. ಫಾದರ್ ಎಲಿಯಾಸ್ ಕರಾವಳಿ ಕಡೆಯವರು, ಕನ್ನಡವನ್ನು ಪುಸ್ತಕದ ಹಾಗೆ ಆಡುವವರು. ಎಲ್ಲ ಕೇಳಿ ಕನ್ನಡಕ ತೆಗೆದು ಒರೆಸಿದರು.

"ನೀವು ಸುಳ್ಳು ಹೇಳುವುದು ಬೇಡ ಟೀಚರ್. ನಿಜವನ್ನೂ ಹೇಳುವುದು ಬೇಡ. ನಾಳೆ ಒಂದು ದಿನ ಜ್ವರ ಅಂತ ಹೇಳಿ ಮನೆಯಲ್ಲಿ ಮಲಗಿಬಿಡಿ. ಆ ಹುಡುಗ ಏನು ಬೇಕಾದರೂ ಹೇಳಲಿ, ಅಷ್ಟರಲ್ಲಿ ಭಾನುವಾರ ಬರುತ್ತದೆ."

"ಜ್ವರ ಇಲ್ಲಲ್ರಿ ಫಾದರ್."

"ಇಷ್ಟು ಚಿಂತೆ ಮಾಡಿದರೆ ಬಂದೇ ಬರುತ್ತದೆ" ಎಂದು ಅವರು ನಗಿಸಲು ನೋಡಿದರು. ಮಾರ್ಥವ್ವ ನಗಲಿಲ್ಲ. ಅವರೂ ನಗು ನಿಲ್ಲಿಸಿದರು. "ಭಾನುವಾರ ತಪ್ಪಿದರೆ ಶಾಲೆ ನಮ್ಮ ಕೈಯಲ್ಲಿ ಉಳಿಯುವುದಿಲ್ಲ. ಇನ್ನಾಸಪ್ಪನವರ ಹೆಸರಿನಲ್ಲಿ ಕೇಳುತ್ತಿದ್ದೇನೆ, ದುಡುಕಬೇಡಿ."

ಇನ್ನಾಸಪ್ಪನ ಹೆಸರು ತೆಗೆಯಬಾರದಿತ್ತು. ಹಾವೇರಿಯಿಂದ ಮರಳುವ ಬಸ್ಸಿನುದ್ದಕ್ಕೂ ಅವಳು ಅವನ ಜೊತೆಗೇ ಜಗಳವಾಡಿಕೊಂಡು ಬಂದಳು. ನೀನು ಆರಾಮಾಗಿ ಹೋಗಿ ಮಲಗಿದೆ, ಬಳೆಯನ್ನೂ ಶಾಲೆಯನ್ನೂ ನನ್ನ ಕೊರಳಿಗೆ ಕಟ್ಟಿದೆ, ಈಗ ಎರಡರಲ್ಲಿ ಯಾವುದನ್ನು ಉಳಿಸಿಕೊಳ್ಳಲಿ ಹೇಳು.

ಬಸ್ಸಿಳಿದು ನೇರ ಸಾವ್ಕಾರರ ಮನೆಗೆ ಹೋದಳು. ಮುದುಕಿಗೆ ಒಬ್ಬಳಿಗೇ ಹೇಳಿಬಿಟ್ಟರೆ ಮುಗಿಯಿತು, ಬೈದರೆ ಬೈಯಲಿ. ಮನೆ ಗಿಜಿಗುಟ್ಟುತ್ತಿತ್ತು. ಶ್ವೇತಾಳ ತವರಿನವರು ಅಗಡಿಯಿಂದ ಬುತ್ತಿ ಹೊತ್ತು ಬಂದಿದ್ದರು. ಹೋಳಿಗೆ, ಕರ್ಚಿಕಾಯಿ, ಶೇಂಗಾ ಉಂಡೆಯ ಡಬ್ಬಿಗಳು ಪಡಸಾಲೆ ತುಂಬ. ಫಕ್ಕೀರವ್ವ ಅಡುಗೆಮನೆಯ ಮೂಲೆಯಲ್ಲಿ ಕೂತು ಕೊಬ್ಬರಿ ಬಟ್ಟಲುಗಳನ್ನು ಒರೆಸಿ ಇಡುತ್ತಿದ್ದಳು.

"ಯವ್ವಾ, ನಿಮಗೊಂದು ಮಾತು ಹೇಳಬೇಕಿತ್ತು."

"ಕುಂದ್ರು, ಕುಂದ್ರು. ಮೊದಲು ನಂದು ಕೇಳು." ಮುದುಕಿ ಅವಳ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡಳು. "ಆ ಬಾಗಲಾ ಕಾಣತೈತಿಲ್ಲೊ? ನಮ್ಮ ಯಜಮಾನ್ರು ಹೋದ ಮ್ಯಾಲ ಈ ಮನ್ಯಾಗ ಎಷ್ಟು ಶುಭಕಾರ್ಯ ಆದುವು, ಅಷ್ಟನ್ನೂ ಆ ಬಾಗಲಾ ಸಂದಿಯಿಂದನ ನೋಡೇನಿ. ಮಗಳ ಮದವಿ ನೋಡೇನಿ. ಮೊಮ್ಮಕ್ಕಳ ತೊಟ್ಟಲಾ ನೋಡೇನಿ. ಒಮ್ಮೆನೂ ಒಂದು ಕಾಳು ಅಕ್ಕಿ ಹಾಕಿಲ್ಲ. ಯಾರೂ ಬ್ಯಾಡ ಅನ್ನಲಿಲ್ಲ ಮತ್ತ. ನಾನ ಹೋಗಲಿಲ್ಲ. ಹೋಗಬಾರದು ಅಂತ ಗೊತ್ತಿತ್ತಲ್ಲ."

ಕೊಬ್ಬರಿ ಬಟ್ಟಲನ್ನು ಇನ್ನೊಮ್ಮೆ ಒರೆಸಿದಳು, ಅದು ಆಗಲೇ ಹೊಳೆಯುತ್ತಿತ್ತು.

"ಶ್ವೇತಾ ನನ್ನ ತೊಡೀ ಮ್ಯಾಲ ತಲಿ ಇಟ್ಟು ಅತ್ತಾಳ ಮಾರ್ಥವ್ವಾ. ಆಕಿ ಉಡಿ ತುಂಬಬೇಕಂತ ನನಗೆಷ್ಟು ಆಸೆ ಐತಿ. ನಾಳೆ ನಿನ್ನ ಕೈ ಅಂದ್ರ ನನ್ನ ಕೈ. ಅದಕ್ಕ ನಿನ್ನ ಕರದದ್ದು. ಹೂಂ, ನಿಂದೇನು ಮಾತು?"

ಮಾರ್ಥವ್ವ ಮುದುಕಿಯ ಮುಖ ನೋಡಿದಳು. ಅಂಥ ಸಂತೋಷವನ್ನು ಆ ಮುಖದ ಮೇಲೆ ಅವಳು ಹಿಂದೆ ಕಂಡಿರಲಿಲ್ಲ. "ಏನಿಲ್ರಿ ಯವ್ವಾ, ಎಷ್ಟೊತ್ತಿಗೆ ಬರಬೇಕಂತ ಕೇಳಾಕ ಬಂದಿದ್ದೆ" ಅಂದಳು. ಅಂದ ಕೂಡಲೇ ತನ್ನ ಮೇಲೆ ತನಗೇ ಅಸಹ್ಯವಾಯಿತು.

ಗುರುವಾರ ಮಣೆಯ ಮೇಲೆ ಹಸಿರು ಸೀರೆ ಉಟ್ಟು ಶ್ವೇತಾ ಕೂತಿದ್ದಳು. ಇಪ್ಪತ್ಮೂರರ ಹುಡುಗಿ, ತುಂಬಿದ ಬಸುರಿ, ಮುಖದಲ್ಲಿ ಮಾತ್ರ ರಕ್ತವಿರಲಿಲ್ಲ. ಎರಡು ನಿಮಿಷಕ್ಕೊಮ್ಮೆ ಹೊಟ್ಟೆಯ ಮೇಲೆ ಕೈ ಇಟ್ಟು ಏನೋ ಕೇಳಿಸಿಕೊಳ್ಳುವವಳ ಹಾಗೆ ಸುಮ್ಮನಾಗುತ್ತಿದ್ದಳು. ಒಂದು ಮಗ್ಗುಲಿಗೆ ಸೈದಾಬಿ ಬುಟ್ಟಿ ಬಿಚ್ಚಿಕೊಂಡು ಬಂದ ಹೆಂಗಸರಿಗೆಲ್ಲ ಬಳೆ ಇಡುತ್ತಿದ್ದಳು. ಮಾರ್ಥವ್ವನ ಸರದಿ ಬಂದಾಗ ಸೈದಾಬಿ ತಲೆ ಎತ್ತಿ ನೋಡಿದಳು, ಕೈಯಲ್ಲಿದ್ದ ಬಳೆ ಅಲ್ಲೇ ನಿಂತಿತು.

"ನನಗ ಬ್ಯಾಡ ಸೈದಾಬಿ. ನೀ ಇಟ್ಟದ್ದ ಇನ್ನೂ ಅದಾವು."

ಸೈದಾಬಿ ಮುಂದಿನವಳ ಕೈ ಹಿಡಿದಳು.

ನಾಲ್ಕು ಮುತ್ತೈದೆಯರು ಒಬ್ಬರಾದ ಮೇಲೊಬ್ಬರು ಶ್ವೇತಾಳ ಸೆರಗಿನ ಉಡಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣ ಕೊಂಬು, ಕುಬಸದ ಖಣ ಹಾಕಿ ಹರಸಿದರು. ಹಾಡು ಹೇಳುವವರ ದನಿ ಏರುತ್ತಿತ್ತು. ಪ್ರವೀಣಕುಮಾರ ತಲೆಬಾಗಿಲಿಗೆ ಒರಗಿ ನಿಂತು ಮಾರ್ಥವ್ವನನ್ನೇ ನೋಡುತ್ತಿದ್ದ. ಅಡುಗೆಮನೆಯ ಬಾಗಿಲು ಅಂಗೈಯಗಲ ತೆರೆದಿತ್ತು. ಆ ಸಂದಿಯಲ್ಲಿ ವಿಭೂತಿ ಹಣೆ, ಒಂದು ಕಣ್ಣು.

ನಾಗಲಕ್ಷ್ಮಿ ಐದನೆಯ ತಾಟನ್ನು ಮಾರ್ಥವ್ವನ ಕೈಗೆ ಕೊಟ್ಟಳು. ಮಾರ್ಥವ್ವ ಮಣೆಯ ಮುಂದೆ ಮೊಣಕಾಲೂರಿದಳು. ಶ್ವೇತಾ ಒಂದು ಕೈಯನ್ನು ಹೊಟ್ಟೆಯ ಮೇಲೇ ಇಟ್ಟುಕೊಂಡು ಉಡಿ ಒಡ್ಡಿದಳು. ಪ್ರವೀಣ ಒಂದು ಹೆಜ್ಜೆ ಮುಂದೆ ಬಂದು ಬಾಯಿ ತೆರೆದ. ಅವನು ತೆರೆಯದಿದ್ದರೂ ಮಾರ್ಥವ್ವ ತಾಟು ಕೆಳಗಿಡುತ್ತಿದ್ದಳೋ ಏನೋ, ಅದು ಅವಳಿಗೇ ಕೊನೆಯವರೆಗೂ ತಿಳಿಯಲಿಲ್ಲ. ಇಟ್ಟದ್ದು ಮಾತ್ರ ನಿಜ.

"ತಂಗೀ" ಅಂದಳು ಶ್ವೇತಾಳಿಗೆ, "ನನ್ನ ಗಂಡ ಸತ್ತು ಆರು ವರ್ಷ ಆತು. ಬಳಿ ಒಡೀಬಾರದು ಅಂತ ಅವರು ಹೇಳ್ತಿದ್ರು, ಅದಕ್ಕ ಹಾಕ್ಕೊಂಡೇನಿ. ನಿಮ್ಮಾಗ ನಡಿಯೂದಿಲ್ಲಂತ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ದಿನ ಹೇಳಲಿಲ್ಲ, ಅದು ನನ್ನ ತಪ್ಪು. ನಿನಗ ತಿಳೀದಂಗ ನಿನ್ನ ಉಡಿ ತುಂಬೂದಿಲ್ಲ."

ಹಾಡು ನಡುವೆಯೇ ನಿಂತಿತು. ಶ್ವೇತಾಳ ತಾಯಿ ಧಡಕ್ಕನೆದ್ದು ಮಗಳ ಸೆರಗನ್ನು ಹಿಂದಕ್ಕೆಳೆದು, "ಯವ್ವಾ ಶಿವನ, ಏನಿದು ಅಪಶಕುನ" ಎಂದು ಬಾಯಿ ಮಾಡಿದಳು. ಶ್ವೇತಾ ಅಳಲಿಲ್ಲ, ಬಿಟ್ಟ ಕಣ್ಣು ಬಿಟ್ಟ ಹಾಗೇ ಮಾರ್ಥವ್ವನನ್ನು ನೋಡುತ್ತ ಕೂತಳು. ಹೊರಗೆ ಕಟ್ಟೆಯ ಮೇಲೆ ಗಂಡಸರ ನಡುವೆ ಇದ್ದ ನಿಜಲಿಂಗಪ್ಪ ಒಳಗೆ ಬಂದರು. ಮರ್ಯಾದೆಯ ಮನುಷ್ಯ, ದನಿ ಎತ್ತಲಿಲ್ಲ.

"ಅಕ್ಕೋರ, ಗೋದಾಮಿನ ಕೀಲಿಕೈ ಇಟ್ಟು ಹೋಗ್ರಿ."

ಅವಳು ಸೊಂಟದಿಂದ ಕೀಲಿಕೈ ಬಿಚ್ಚಿ ಅದೇ ತಾಟಿನ ಅಂಚಿನಲ್ಲಿಟ್ಟಳು. ಎದ್ದು ಅಡುಗೆಮನೆಯ ಕಡೆ ನೋಡಿದಳು. ಒಂದು ಮಾತು ಬೈದರೂ ಸಾಕಿತ್ತು. ಸಂದಿಯಲ್ಲಿದ್ದ ಕಣ್ಣು ಅವಳನ್ನು ನೋಡಿತು, ಆಮೇಲೆ ಆ ಬಾಗಿಲು ಒಳಗಿನಿಂದ ಮುಚ್ಚಿಕೊಂಡಿತು. ಪ್ರವೀಣ ತಲೆಬಾಗಿಲಿನಿಂದ ಸರಿದು ದಾರಿ ಬಿಟ್ಟ. ಅವನು ಗೆದ್ದವನ ಹಾಗೇನೂ ಕಾಣಲಿಲ್ಲ.

ಆಗಮನ ಕಾಲದ ಮೊದಲ ಭಾನುವಾರ ಬಂತು. ಬರಬೇಡಿರೆಂದು ಹೇಳಿ ಕಳಿಸಲು ಎಲ್ಲರ ಹತ್ತಿರ ಫೋನಾದರೂ ಎಲ್ಲಿತ್ತು? ಕಲಿಯುವವರು ಒಬ್ಬೊಬ್ಬರಾಗಿ ಬಂದರು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಮಾಲ ಗುಡದಪ್ಪ, ಮಡಿ ಅಂಗಿ ತೊಟ್ಟರೂ ಮೈಯಿಂದ ಖಾರದ ಘಾಟು ಹೋಗದವನು. ಪಕ್ಕದಲ್ಲಿ ಕೂತವರೆಲ್ಲ ಸೀನುತ್ತಿದ್ದರು. ಅಗಡಿಯ ಇಬ್ಬರು ಅಕ್ಕತಂಗಿಯರು, ಕುಪ್ಪೇಲೂರಿನ ನಾಲ್ಕು ಮಂದಿ. ಟ್ರಂಕು, ಹಾಸಿಗೆ ಸುತ್ತಿಕೊಂಡು ಗೋದಾಮಿನ ಮುಂದೆ ಓಣಿಯಲ್ಲೇ ಕೂತರು. ಬಾಗಿಲಿಗೆ ದೊಡ್ಡ ಕೀಲಿ. ಎದುರು ಕಟ್ಟೆಯ ಮೇಲೆ ಪ್ರವೀಣನ ಗೆಳೆಯರು ಏಳೆಂಟು ಜನ, ಒಬ್ಬನ ಕಾಲ ಬಳಿ ಕಲ್ಲಿನ ಸಣ್ಣ ಗುಡ್ಡೆ. ಪ್ರವೀಣನೂ ಅವರ ನಡುವೆ ಇದ್ದ.

ಫಾದರ್ ಬಂದಿರಲಿಲ್ಲ. ತಾನು ಬಿಳಿ ನಿಲುವಂಗಿಯಲ್ಲಿ ಅಲ್ಲಿ ಇಳಿದರೆ ಬೆಂಕಿಗೆ ಎಣ್ಣೆ ಸುರಿದ ಹಾಗೆ, ಎಲ್ಲರನ್ನೂ ವಾಪಸು ಕಳಿಸಿಬಿಡಿ ಎಂದು ಪಕ್ಕದ ಕಿರಾಣಿ ಅಂಗಡಿಗೆ ಫೋನ್ ಮಾಡಿ ಹೇಳಿದ್ದರು.

"ಅಕ್ಕೋರ, ಇಲ್ಲೇ ಓಣ್ಯಾಗ ಒಂದು ಪ್ರಾರ್ಥನಾ ಮಾಡಿ ಚಾಲೂ ಮಾಡೋಣ್ರಿ" ಅಂದ ಗುಡದಪ್ಪ. "ಕಲ್ಲು ಬಿದ್ರ ಬೀಳಲಿ. ಚೀಲ ಹೊತ್ತ ಬೆನ್ನು ಇದು."

"ನಿನ್ನ ಬೆನ್ನು ಗಟ್ಟಿ ಐತಿ. ಆ ಹುಡಿಗ್ಯಾರ ತಲಿ ಗಟ್ಟಿ ಇಲ್ಲ." ಮಾರ್ಥವ್ವ ಉಳಿದವರ ಕಡೆ ತಿರುಗಿದಳು. "ಏಳ್ರಿ. ಬಸ್ಸಿಗೆ ಹೊತ್ತಾತು. ಈ ಸಾಲಿ ನನ್ನ ಬಾಯಿಂದ ಹೋತು, ನನ್ನ ಬಾಯಿಂದನ."

ಯಾರೂ ಏಳಲಿಲ್ಲ. ಅವಳೇ ಬಗ್ಗಿ ಅಕ್ಕತಂಗಿಯರ ಟ್ರಂಕನ್ನು ಎತ್ತಲು ಹೋದಳು. ಆಗ ಎದುರು ಕಟ್ಟೆಯ ಹುಡುಗರು ಒಬ್ಬೊಬ್ಬರಾಗಿ ಎದ್ದು ನಿಂತದ್ದು ಕಂಡಿತು. ಅವಳು ಟ್ರಂಕು ಬಿಟ್ಟು ಅಕ್ಕತಂಗಿಯರಿಗೆ ಅಡ್ಡ ನಿಂತಳು. ಆದರೆ ಅವರು ನೋಡುತ್ತಿದ್ದದ್ದು ಇವಳನ್ನಲ್ಲ.

ಓಣಿಯ ತಿರುವಿನಿಂದ ಫಕ್ಕೀರವ್ವ ಬರುತ್ತಿದ್ದಳು. ಹಿಂದೆ ನಿಜಲಿಂಗಪ್ಪ, ಚಪ್ಪಲಿ ಮೆಟ್ಟಲೂ ಪುರುಸೊತ್ತಿಲ್ಲದೆ ಬರಿಗಾಲಲ್ಲಿ.

"ಯವ್ವಾ, ಮಂದಿ ನೋಡಾಕತ್ತಾರ. ಮನಿಗೆ ನಡಿ."

"ನೋಡಲಿ. ಗೋದಾಮು ನಿಮ್ಮಪ್ಪ ನನ್ನ ಹೆಸರಿಗೆ ಮಾಡಿ ಸತ್ತಾನ, ನಿನ್ನ ಹೆಸರಿಗಲ್ಲ." ಮುದುಕಿ ಮಾರ್ಥವ್ವನ ಎದುರು ಬಂದು ನಿಂತಳು. ಕಣ್ಣಲ್ಲಿ ಸಿಟ್ಟು ನಿಗಿನಿಗಿ ಅನ್ನುತ್ತಿತ್ತು. "ನಿನ್ನ ಮ್ಯಾಲಿನ ಸಿಟ್ಟು ನನಗೇನೂ ಇಳದಿಲ್ಲ, ತಿಳೀತಿಲ್ಲೊ? ನನ್ನ ಬಾಜೂಕ ಕುಂತು ಶೇಂಗಾ ಸುಲದಾಕಿ, ನಾ ನನ್ನ ಹೊಟ್ಟ್ಯಾಗಿಂದೆಲ್ಲಾ ತೆಗದು ಹೇಳಿದ್ರೂ ನೀ ನಿಂದು ಹೇಳಲಿಲ್ಲ. ನಾನೂ ನಿನ್ನಂಗ ಅಂತ ಒಂದ ಮಾತು ಅಂದಿದ್ರ ನಾ ನುಂಗಿಬಿಡತಿದ್ನೇನು?"

"ತಪ್ಪಾತ್ರಿ ಯವ್ವಾ."

"ಆತು. ತಪ್ಪಾತು." ಫಕ್ಕೀರವ್ವ ಉಸಿರು ಎಳೆದುಕೊಂಡಳು. "ನಿನ್ನೆ ಶ್ವೇತಾ ಏನಂದ್ಲು ಗೊತ್ತೈತೇನು? ಆ ಅಕ್ಕೋರು ತಾಟು ಕೆಳಗಿಟ್ರಲ್ಲ ಅಮ್ಮಾ, ನನಗ ಹೆದರಿಕಿ ಆಗಬಾರದಂತ ಇಟ್ರು ಅಂತ. ನಾ ಮೂರು ದಿನ ಕುಂತು ಬೈದದ್ದು ಆ ಕೂಸಿಗೆ ಒಂದ ಮಾತಿನಾಗ ತಿಳೀತು." ಸೆರಗಿನ ತುದಿಯ ಗಂಟು ಬಿಚ್ಚಿ ಕೀಲಿಕೈ ತೆಗೆದಳು. "ನಿಮ್ಮ ಸಾಲೀ ಬಾಗಲಾ ಯಾರು ತೆಗೀಬೇಕು?"

"ಫಾದರ್ ತೆಗೀಬೇಕಿತ್ರಿ. ಅವರು ಬಂದಿಲ್ಲ."

"ಹಂಗಾರ ನಾ ತೆಗೀತೇನಿ. ಶುಭಕಾರ್ಯ ಇದು. ನನ್ನಂಥಾಕಿ ಮುಂದ ಬಂದ್ರ ನಿಮ್ಮಾಗ ನಡೀತೈತಿಲ್ಲೊ?"

ಮಾರ್ಥವ್ವ ಬಾಗಿಲ ಮುಂದಿನ ಹಾಸಿಗೆ ಸುರುಳಿಯನ್ನು ಪಕ್ಕಕ್ಕೆ ಸರಿಸಿದಳು. "ನಡೀತೈತ್ರಿ ಯವ್ವಾ."

ಎದುರು ಕಟ್ಟೆಯಿಂದ ಒಬ್ಬ ಏನೋ ಕೂಗಲು ಹೋದ. ಪ್ರವೀಣ ಅವನ ರಟ್ಟೆ ಹಿಡಿದು ಕೂರಿಸಿದ. "ನಮ್ಮ ಅಜ್ಜಿ ಅದಾಳ ಅಲ್ಲಿ" ಅಂದ, ಅಷ್ಟೇ.

ಫಕ್ಕೀರವ್ವ ಕೀಲಿಗೆ ಕೀಲಿಕೈ ತೂರಿಸಿದಳು. ಅದು ಅವಳ ಕೈಯಲ್ಲಿ ತಿರುಗಲಿಲ್ಲ. ಗಂಡ ಹೋದ ಮೇಲೆ ಯಾವ ಹೊಸ ಬಾಗಿಲನ್ನೂ ಎಲ್ಲರಿಗಿಂತ ಮೊದಲು ಮುಟ್ಟಿದ ಕೈಯಲ್ಲ ಅದು. ಮಾರ್ಥವ್ವ ಅದರ ಮೇಲೆ ತನ್ನ ಕೈ ಇಟ್ಟಳು. ಎರಡು ಕೈ ಸೇರಿ ತಿರುವಿದಾಗ ಕೀಲಿ ಕಳಚಿತು, ಬಾಗಿಲು ಕಿರುಗುಟ್ಟುತ್ತ ತೆರೆಯಿತು. ಒಳಗಿನಿಂದ ಹಸಿ ಸುಣ್ಣದ ವಾಸನೆ ಹೊರಗೆ ಬಂತು. ಗುಡದಪ್ಪ ದೊಡ್ಡದಾಗಿ ಶಿಲುಬೆ ಗುರುತು ಹಾಕಿಕೊಂಡು ಎರಡು ಟ್ರಂಕುಗಳನ್ನು ಒಮ್ಮೆಗೇ ಹೆಗಲಿಗೇರಿಸಿದ.

"ಒಳಗ ಬರ್ರಿ ಯವ್ವಾ."

"ನಾ ಬರೂದಿಲ್ಲ. ನನ್ನ ದೇವ್ರು ಮನ್ಯಾಗ ಅದಾನ, ಪೂಜಿ ಬಾಕಿ ಐತಿ." ಆದರೆ ಹೋಗಲಿಲ್ಲ. ಮಾರ್ಥವ್ವನ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. ಹೆಬ್ಬೆರಳಿನಿಂದ ಬಳೆಗಳನ್ನು ಒಂದೊಂದಾಗಿ ಸರಿಸಿ ನೋಡುತ್ತಿದ್ದಳು.

"ಇವನ್ನ ಯಾರ ಕಡೆ ಇಡಿಸ್ಕೊಂಡಿ?"

"ಸೈದಾಬಿ ಕಡೆ ರಿ, ಸಂತ್ಯಾಗ."

"ಗಂಡ ಹೋಗ್ಯಾನಂತ ಆಕಿಗೆ ಗೊತ್ತಿತ್ತೇನು?"

"ಗೊತ್ತಿತ್ರಿ."

"ಗೊತ್ತಿದ್ದೂ ಇಟ್ಟಳು?"

"ಹೂಂ ರಿ. ಏನೂ ಕೇಳಲಿಲ್ಲ."

ಮುದುಕಿ ಅವಳ ಕೈ ಬಿಟ್ಟು, ತನ್ನ ಬೋಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಮಗನ ಹಿಂದೆ ಹೊರಟಳು. ತಿರುವಿನ ತನಕ ಹೋದವಳು ನಿಂತಳು. ಮಗನನ್ನು ಮುಂದೆ ಹೋಗಲು ಬಿಟ್ಟು ಹಿಂತಿರುಗಿ ಕೂಗಿದಳು.

"ಸಂತಿಗೆ ಹೋಗೂಮುಂದ ನನ್ನನ್ನೂ ಕರಿ, ಮಾರ್ಥವ್ವಾ."